ಅವಸರದ ವರಸೆ

೪ ನವೆಂಬರ್ ೧೯೭೫, ಮಂಗಳವಾರ

ಕೊನೆಗೂ ಚರ್ಚಿನ ಗಂಟೆಗಳ ಬಾಯಿ ಮುಚ್ಚಿತು. ಈ ಕಡೆಯ ಚರ್ಚುಗಳ ಕಟ್ಟಡ ಪರೀಕ್ಷಿಸುವ ಮಿಸ್ ಗರ್ನಿ ಬೆಳಿಗ್ಗೆಯೇ ಬಂದು, ಕೆಸರು ಬೂಟಿನಲ್ಲೇ ಗೋಪುರ ಹತ್ತಿಳಿದು, ಮತ್ತೆ ನನ್ನನ್ನೂ ಮೇಲಕ್ಕೆ ಎಳೆದುಕೊಂಡು ಹೋದರು. ಚರ್ಚಿನ ಉಸ್ತುವಾರಿ ನೋಡುವ ವಾರ್ಡನ್ ಆದ ತಪ್ಪಿಗೆ ಮಂಡಿನೋವು ಇಟ್ಟುಕೊಂಡು ಹತ್ತಿದೆ. ಗಂಟೆಗಳು ತೂಗುವ ಕೋಣೆಯ ಕೆಳಗೆ, ಪಶ್ಚಿಮದ ಗೋಡೆಯಲ್ಲಿ ಉದ್ದಕ್ಕೆ ಒಂದು ಬಿರುಕು. ನನ್ನ ಹೆಬ್ಬೆರಳು ಸಲೀಸಾಗಿ ಒಳಗೆ ಹೋಯಿತು.

ಬಿರುಕಿಗೆ ಅಡ್ಡಲಾಗಿ ತೆಳ್ಳಗಿನ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತಿದರು.

"ಗೋಡೆ ಇನ್ನೂ ಜರುಗ್ತಾ ಇದ್ರೆ ಈ ಗಾಜು ಒಡೆಯುತ್ತೆ, ಮಿಸ್ ಡ್ಯೂಯಿಂಗ್. ಒಡೀದೇ ಈಸ್ಟರ್ ದಾಟಿದ್ರೆ ಬಿರುಕು ಹಳೇದು, ಮಲಗಿದೆ ಅಂತ ಲೆಕ್ಕ. ಆಮೇಲೆ ಒಂದೊಂದೇ ಗಂಟೆ ತೂಗಿ ನೋಡೋಣ. ಅಲ್ಲೀತನಕ ಒಂದೂ ಅಲ್ಲಾಡಬಾರದು."

"ಇಷ್ಟು ಕಾಲ ಅಲ್ಲಾಡಿವೆಯಲ್ಲ?"

"ಅದೇ ತೊಂದರೆ. ಒಂದೊಂದು ಗಂಟೇನೂ ತಲೆಕೆಳಗಾಗಿ ಪೂರ್ತಿ ಸುತ್ತು ಹೊಡೆಯುತ್ತೆ. ಗೋಪುರ ಎಷ್ಟೂಂತ ತಡ್ಕೊಳ್ಳುತ್ತೆ?"

ಹೋಗುವ ಮುಂಚೆ ಇನ್ನೊಂದು ಹೊರೆ ಹೊರಿಸಿದರು. ಗೋಪುರ ಯಾವ ಯಾವ ಕಾಲದಲ್ಲಿ, ಹೇಗೆ ಹೇಗೆ ಎದ್ದಿತೆಂದು ನಾನು ಬರೆದುಕೊಡಬೇಕಂತೆ. ಟೀಚರ್ ಆಗಿದ್ದವರು, ಈಗ ಬಿಡುವಾಗಿದ್ದೀರಿ ಎಂದರು. ಬಿಡುವು! ಹಾಸಿಗೆ ಹಿಡಿದ ಅಣ್ಣ, ಒಲೆ, ಬೂದಿ, ಬಟ್ಟೆ, ಔಷಧಿ. ಈ ಊರಿನಲ್ಲಿ ನಿವೃತ್ತಿಯಾದವರನ್ನು ಕಂಡರೆ ಎಲ್ಲರಿಗೂ ಒಂದು ಕೆಲಸ ನೆನಪಾಗುತ್ತದೆ.

ಅಣ್ಣ ಕ್ಲೆಮ್‌ಗೆ ಹೇಳಿದೆ. ಗಂಟೆ ಬಾರಿಸುವವರಿಗೆ ಅವನೇ ನಾಯಕ. ಆಗಸ್ಟಿನ ಸುಗ್ಗಿಯ ಹೊತ್ತಿಗೆ ಹೃದಯ ಸೋತು ಮಲಗಿದವನು ಇನ್ನೂ ಎದ್ದಿಲ್ಲ. ಮುಂದಿನ ಕೋಣೆಯಲ್ಲಿ, ರಸ್ತೆಯಾಚೆಯ ಚರ್ಚು ಕಾಣುವ ಹಾಗೆ ಹಾಸಿಗೆ ಹಾಕಿದ್ದೇನೆ. ಅವನು ಗೋಪುರದ ಕಡೆ ನೋಡಿದ.

"ಈಸ್ಟರ್ ತನಕ ನಾನಿರಲ್ಲ, ಹುಡುಗಿ," ಎಂದ ಆಮೇಲೆ. ಅರವತ್ತು ದಾಟಿದರೂ ನಾನು ಹುಡುಗಿಯೇ; ಇಲ್ಲಿನ ಗಂಡಸರು ಅಜ್ಜಿಯನ್ನೂ ಹಾಗೇ ಕರೆಯುತ್ತಾರೆ. "ಹೋಗೋ ಮುಂಚೆ ಒಂದ್ಸಲ ಐದು ಗಂಟೇನೂ ಕೇಳ್ಬೇಕು. ಒಂದೇ ಸಲ ಸಾಕು. ಹೋದ ಮೇಲೆ ನನ್ನ ಹೆಣಕ್ಕೊಂದ್ಸಲ. ಇನ್ನೇನೂ ಕೇಳಲ್ಲ ನಾನು."

ಇನ್ನೇನೂ ಕೇಳಲ್ಲ ಎಂದವನು ಆಮೇಲೆ ಟೀ ಕೇಳಿದ, ದಿಂಬು ಎತ್ತರಿಸಲು ಹೇಳಿದ, ಟೀಗೆ ಸಕ್ಕರೆ ಸಾಲದೆಂದ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಹುಟ್ಟಿದಾಗಿನಿಂದ ಅವನ ಆ ಗದ್ದಲದ ಕೆಳಗೇ ಮಲಗಿದ್ದೇನೆ.

೯ ನವೆಂಬರ್, ಭಾನುವಾರ

ಯುದ್ಧದಲ್ಲಿ ಸತ್ತವರನ್ನು ನೆನೆಯುವ ಭಾನುವಾರ, ಅದಕ್ಕೂ ಗಂಟೆಯಿಲ್ಲ. ಹಾಯಾಗಿ ಮಲಗಬಹುದಿತ್ತು. ಎಂದಿನ ಹೊತ್ತಿಗೇ ಎಚ್ಚರವಾಗಿ, ಏನಾಯಿತೋ ಎಂದು ಎದ್ದು ಕೂತೆ. ಮತ್ತೆ ನಿದ್ದೆ ಬರಲಿಲ್ಲ.

೨೩ ನವೆಂಬರ್, ಭಾನುವಾರ

ಆರಾಧನೆ ಮುಗಿದ ಮೇಲೆ ಗೋಪುರದ ಸುತ್ತ ನಡೆದು ನೋಡಿದೆ. ಹಿಂದೆಂದೂ ಅದನ್ನು ಸರಿಯಾಗಿ ನೋಡಿರಲಿಲ್ಲ ಎನ್ನುವುದು ವಾರ್ಡನ್ ಆದವಳಿಗೆ ಹೇಳಿಕೊಳ್ಳುವ ಮಾತಲ್ಲ.

ಕೆಳಗಿನದು ದುಂಡಗೆ, ಪೂರಾ ಚಕಮಕಿ ಕಲ್ಲು. ನಮ್ಮ ನಾರ್ಫಕ್‌ನಲ್ಲಿ ಹೊಲ ಉತ್ತರೆ ಸಿಗುವುದು ಆ ಕಲ್ಲೊಂದೇ, ಅದೂ ಆಲೂಗಡ್ಡೆ ಗಾತ್ರ. ಮೂಲೆ ಕಟ್ಟಲು ಬೇಕಾದ ದೊಡ್ಡ ಕಲ್ಲನ್ನು ದೂರದಿಂದ ತರಿಸುವಷ್ಟು ಗತಿ ಹಳಬರಿಗಿರಲಿಲ್ಲ. ಮೂಲೆಯೇ ಬೇಡವೆಂದು ದುಂಡಗೆ ಕಟ್ಟಿಬಿಟ್ಟರು. ಬಡವರ ಬುದ್ಧಿ, ಆದರೆ ಬುದ್ಧಿಯೇ. ಅದರ ಮೇಲೆ ಎಂಟು ಮೂಲೆಯ ಗಂಟೆಮನೆ ಕೂರಿಸಿದ್ದು ಮುನ್ನೂರು ನಾನೂರು ವರ್ಷ ಕಳೆದು, ಉಣ್ಣೆ ಮಾರಿ ಕೈ ಬಿಸಿಯಾದ ಮೇಲೆ. ಅದೇ ಬಿಸಿಯಲ್ಲಿ ಚರ್ಚಿನ ಕಿಟಕಿಗಳನ್ನು ಅಗಲ ಮಾಡಿದರು, ಉತ್ತರದ ಬಾಗಿಲು ಮುಚ್ಚಿದರು. ನಮ್ಮ ತಾತಂದಿರ ಕಾಲದವರು ಎಲ್ಲದರ ಮೇಲೂ ಸುಣ್ಣ ಬಳಿದರು. ಯಾವ ತಲೆಮಾರೂ ಸುಮ್ಮನೆ ಕೂತದ್ದಲ್ಲ.

ಅಂಗಡಿಯ ಜಾಯ್ಸ್ ಬನ್ ನಾನು ಕತ್ತೆತ್ತಿ ನಿಂತದ್ದನ್ನು ಕಂಡು ಬಂದಳು. ಅವಳೂ ಗಂಟೆ ಬಾರಿಸುವವಳು, ಎರಡನೆಯದನ್ನು.

"ಏನು ಹುಡುಕ್ತಿದ್ದೀಯ, ಹಿಲ್ಡಾ?"

"ಇದನ್ನ ಹೇಗೆ ಕಟ್ಟಿದರು ಅಂತ."

"ಕಟ್ಟಲೇ ಇಲ್ಲ ಕಣೇ. ನಮ್ಮಜ್ಜಿ ಹೇಳ್ತಿದ್ಲು, ಇದು ಮೊದಲು ಬಾವಿ ಆಗಿತ್ತಂತೆ. ಸುತ್ತ ಇರೋ ಮಣ್ಣೆಲ್ಲ ಕೊಚ್ಚಿಕೊಂಡು ಹೋಗಿ ಬಾವಿ ಒಂದೇ ನಿಂತುಕೊಳ್ತಂತೆ. ಊರೋರು ನೋಡಿದ್ರು, ಇದಕ್ಕೊಂದು ಚರ್ಚು ಅಂಟಿಸೋಣ ಅಂದ್ರು."

"ಹಾಗಂತಲೇ ಮಿಸ್ ಗರ್ನಿಗೆ ಬರೆದುಕೊಡ್ತೀನಿ."

"ಬರಿ. ನನ್ನ ಹೆಸರು ಹಾಕು."

ಬಹಳ ದಿನಗಳ ಮೇಲೆ ನಕ್ಕೆ. ಮನೆಗೆ ಬಂದರೆ ಕ್ಲೆಮ್ ಹಾಸಿಗೆಯಿಂದ ಅರ್ಧ ಜಾರಿದ್ದ. ಎತ್ತಿ ಕೂರಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಂಡಿತು.

೮ ಡಿಸೆಂಬರ್, ಸೋಮವಾರ

ಇವತ್ತು ಒಂದು ಸಂಗತಿ ಸಿಕ್ಕಿತು.

ಈ ತಿಂಗಳಲ್ಲಿ ಊಟವಾದ ಸ್ವಲ್ಪ ಹೊತ್ತಿಗೇ ಬಿಸಿಲು ಇಳಿಜಾರಾಗಿ ಗೋಡೆಗೆ ಒರಗುತ್ತದೆ. ಆ ಬಿಸಿಲಿನಲ್ಲಿ ಗೋಪುರದ ಮೈಯೆಲ್ಲ ಪಟ್ಟಿ ಪಟ್ಟಿಯಾಗಿ ಕಂಡಿತು, ಒಂದರ ಮೇಲೊಂದು ಬಳೆ ಜೋಡಿಸಿದ ಹಾಗೆ. ಒಂದೊಂದು ಪಟ್ಟಿಯೂ, ಅಂದರೆ ಕಲ್ಲಿನ ಒಂದೊಂದು ವರಸೆಯೂ, ಒಂದೊಂದು ಬೇಸಿಗೆಯ ಕೆಲಸ. ಚಕಮಕಿ ಕಲ್ಲು ಗಾರೆಯ ನೀರು ಕುಡಿಯುವುದಿಲ್ಲ, ಆದ್ದರಿಂದ ಗಾರೆ ಬಿಗಿಯಲು ಬಹಳ ಕಾಲ ಬೇಕು. ಅವರು ಸೊಂಟದೆತ್ತರ ಕಟ್ಟಿ, ಮೇಲೆ ಹುಲ್ಲು ಹೊದಿಸಿ, ಮುಂದಿನ ಬೇಸಿಗೆಯವರೆಗೆ ತಮ್ಮ ತಮ್ಮ ಹೊಲಗಳಿಗೆ ಹೋಗಿಬಿಡುತ್ತಿದ್ದರು. ಆಳುಗಳು ನಿಂತು ಕಟ್ಟಲು ಸಾರುವೆಯ ಮರ ಸಿಕ್ಕಿಸಿದ ತೂತುಗಳು ಇನ್ನೂ ಸಾಲಾಗಿ ಇವೆ. ಮೊದಲ ವರಸೆ ಹಾಕಿದವನು ಕೊನೆಯದನ್ನು ನೋಡಿರಲಾರ.

ಗಂಟೆಮನೆಯ ಕೆಳಗಿನ ಒಂದು ವರಸೆ ಮಾತ್ರ ಉಳಿದವುಗಳ ಎರಡರಷ್ಟಿದೆ. ಗೋಡೆ ಹೊಟ್ಟೆ ಬಿಟ್ಟಿರುವುದು ಅಲ್ಲೇ, ಬಿರುಕು ಹುಟ್ಟಿರುವುದೂ ಅಲ್ಲೇ. ಆ ಬೇಸಿಗೆ ಅವರು ಅವಸರ ಮಾಡಿದ್ದಾರೆ. ಕೆಳಗಿನದು ಇನ್ನೂ ಹಸಿಯಿರುವಾಗಲೇ ಮೇಲಿನದನ್ನು ಹೇರಿದ್ದಾರೆ.

ಕ್ಲೆಮ್‌ಗೆ ಹೇಳಿದಾಗ ಅವನ ಕಣ್ಣು ಅರಳಿತು.

"ಯಾಕಂತೆ ಅವಸರ?"

"ಯಾರಿಗೆ ಗೊತ್ತು."

"ನನಗ್ಗೊತ್ತು. ಯಾರೋ ಮುದುಕ ಸಾಯಕ್ಕೆ ಬಿದ್ದಿದ್ದ. ಮುಗಿದಿದ್ದು ನೋಡ್ಬೇಕು ಅಂತ ಹಟ ಹಿಡಿದ. ಪಾಪ ಅಂತ ಕಟ್ಟಿಬಿಟ್ಟರು."

"ಹಾಗಿದ್ರೆ ಆ ಮುದುಕನಿಗೆ ಎರಡು ಬಿಡಬೇಕಿತ್ತು."

"ಬಿಡಬೇಕಿತ್ತು," ಎಂದು ಒಪ್ಪಿದ. ಆಮೇಲೆ ಮಾತ್ರೆ ನುಂಗಿ, ನಾಳೆಯೂ ಹೋಗಿ ಆ ಗಾಜು ನೋಡಿ ಬಾ ಎಂದ.

ಫೋನಿನಲ್ಲಿ ಮಿಸ್ ಗರ್ನಿಗೆ ತಿಳಿಸಿದೆ. ಖುಷಿಪಟ್ಟರು. ಆದರೆ ಬಿರುಕು ಹಳೆಯದೆಂದ ಮಾತ್ರಕ್ಕೆ ಮಲಗಿದೆಯೆಂದು ಅರ್ಥವಲ್ಲ ಎಂದರು.

೨೫ ಡಿಸೆಂಬರ್

ಕ್ಲೆಮ್ ಎರಡು ಚಮಚ ಪುಡ್ಡಿಂಗ್ ತಿಂದ. ಗಂಟೆಯಿಲ್ಲ. ಸುಸ್ತು.

೩ ಜನವರಿ ೧೯೭೬, ಶನಿವಾರ

ಇಂಥ ಗಾಳಿಯನ್ನು ನನ್ನ ಜನ್ಮದಲ್ಲಿ ಕಂಡಿಲ್ಲ. ನಿನ್ನೆ ಶುರುವಾದದ್ದು ಬೆಳಗಾಗುವಷ್ಟರಲ್ಲಿ ಎಲ್ಮ್ ಮರಗಳನ್ನು ಸಾಲಾಗಿ ಮಲಗಿಸಿತ್ತು. ಕರೆಂಟಿಲ್ಲ. ಹೊರಗೆ ನಿಲ್ಲಲು ಆಗುವಂತಾದ ಕೂಡಲೇ ಓಡಿಹೋಗಿ ಗೋಪುರ ಹತ್ತಿದೆ. ಗಾಜು ಹಾಗೇ ಇತ್ತು, ಒಂದು ಗೀರೂ ಇಲ್ಲ. ಗೋಡೆಗೆ ಹಣೆಯೂರಿ ಸ್ವಲ್ಪ ಹೊತ್ತು ನಿಂತಿದ್ದೆ. ಇಳಿದು ಬಂದ ಮೇಲೆ ನಮ್ಮ ಮನೆಯ ಹಿಂಬದಿಯ ಹೆಂಚು ಅರ್ಧ ಹಾರಿಹೋಗಿರುವುದು ಕಂಡಿತು.

"ಹಿಡಿದುಕೊಂಡಿದೆ," ಎಂದೆ ಕ್ಲೆಮ್‌ಗೆ.

"ಗೊತ್ತಿತ್ತು," ಎಂದ. ಏನೂ ಗೊತ್ತಿರಲಿಲ್ಲ, ಹೊದಿಕೆಯ ಅಂಚು ಅವನ ಮುಷ್ಟಿಯಲ್ಲಿ ಮುದ್ದೆಯಾಗಿತ್ತು.

೧ ಫೆಬ್ರವರಿ, ಭಾನುವಾರ

ಇವತ್ತು ಅವನ ಮೇಲೆ ರೇಗಿದೆ. ಗಾಜು ನೋಡಿದೆಯಾ, ಗಾಜು ನೋಡಿದೆಯಾ ಎಂದು ಬೆಳಗಿನಿಂದ ಒಂದೇ ಜಪ. ಮೈ ತೊಳೆಯುವುದು ನಾನು, ಹಾಸಿಗೆ ಬಟ್ಟೆ ಬದಲಿಸುವುದು ನಾನು, ನನ್ನ ಕೈ ಒಡೆದು ರಕ್ತ ಬರುವುದು ಕಾಣುವುದಿಲ್ಲ, ಗಾಜು ಮಾತ್ರ ಒಡೆಯಬಾರದು ಎಂದು ಕೂಗಾಡಿದೆ. ಅವನು ನನ್ನ ಕೈ ತೆಗೆದುಕೊಂಡು ನೋಡಿದ. "ಹಂದಿಕೊಬ್ಬು ಸವರಿಕೋ," ಎಂದ.

ಮಧ್ಯಾಹ್ನ ಅವನು ನಿದ್ದೆಯಲ್ಲಿದ್ದಾಗ ನೋಡಿದೆ, ಎರಡೂ ಕೈ ಹೊದಿಕೆಯ ಮೇಲೆ ಮೇಲಕ್ಕೆ ಕೆಳಕ್ಕೆ ಆಡುತ್ತಿದ್ದವು. ಹಗ್ಗ ಎಳೆಯುತ್ತಿದ್ದಾನೆ. ನಾಲ್ಕು ಬಿಟ್ಟು ಐದನೆಯದಕ್ಕೆ ಎಳೆಯುತ್ತಿದ್ದಾನೆಂದು, ಅವನದು ಕಡೆಯ ದೊಡ್ಡ ಗಂಟೆಯಲ್ಲವೇ, ನೋಡುತ್ತಲೇ ಗೊತ್ತಾಯಿತು. ತಡವಾಗುತ್ತಿರಲಿಲ್ಲ. ಒಮ್ಮೆಯೂ ತಪ್ಪಲಿಲ್ಲ.

ಕೊಬ್ಬು ಸವರಿಕೊಂಡೆ. ಉರಿ ಕಡಿಮೆಯಾಗಿದೆ.

೧೮ ಫೆಬ್ರವರಿ, ಬುಧವಾರ

ಮಾರ್ಚಿನಲ್ಲಿ ಹಳದಿ ಹೂ ಅರಳುವ ತನಕ ಇದ್ದರೆ ಹೆಚ್ಚು ಎಂದು ಡಾಕ್ಟರು ಬಾಗಿಲಲ್ಲಿ ನಿಂತು ಹೇಳಿ ಹೋದರು. ಈಸ್ಟರ್ ಈ ವರ್ಷ ತಡ, ಏಪ್ರಿಲ್ ನಡುವಿಗೆ.

ಸಂಜೆ ವಾಲ್ಟರ್ ಲಾರ್ಟರ್ ಬಂದ. ಕ್ಲೆಮ್ ಮಲಗಿದ ಮೇಲೆ ದೊಡ್ಡ ಗಂಟೆ ಅವನ ಕೈಗೆ ಬಂದಿದೆ, ಕೈಗೆ ಬಂದ ಸ್ವಲ್ಪ ದಿನಕ್ಕೇ ಬಾರಿಸುವುದು ನಿಂತಿದೆ. ಅಡುಗೆಮನೆಯಲ್ಲಿ ಟೋಪಿ ತಿರುಗಿಸುತ್ತ ಕೂತ.

"ಗಾಳಿಗೇ ಜಗ್ಗಲಿಲ್ಲವಲ್ಲ ಹಿಲ್ಡಾ, ನಾವು ಐದು ನಿಮಿಷ ಬಾರಿಸಿದ್ರೆ ಏನಾಗುತ್ತೆ? ಬೀಗದ ಕೈ ನಿನ್ನ ಹತ್ರ ಇದೆ."

"ಗಂಟೆ ತೂಗಬೇಡಿ, ಸುತ್ತಿಗೇಲಿ ಮೆಲ್ಲಗೆ ಹೊಡೀರಿ. ಅವನಿಗೆ ಕೇಳಿಸುತ್ತೆ."

ಒಳಗಿನಿಂದ ಕ್ಲೆಮ್‌ನ ದನಿ ಬಂತು. ನಿದ್ದೆಯಲ್ಲಿದ್ದಾನೆ ಎಂದುಕೊಂಡಿದ್ದೆವು. "ಅದು ಗಂಟೆ ಬಾರಿಸೋದಲ್ಲ, ಬಾಣಲೆ ಬಡಿಯೋದು. ಅದಾದ್ರೆ ಬೇಡ ನನಗೆ."

ವಾಲ್ಟರ್ ದನಿ ತಗ್ಗಿಸಿದ. "ಈಸ್ಟರ್‌ಗೆ ಅವನಿರ್ತಾನಾ? ನೀನೇ ಹೇಳು."

ಯೋಚಿಸುತ್ತೇನೆ ಎಂದೆ. ಹಸಿ ಗೋಡೆಯ ಮೇಲೆ ಹೇರಿದರೆ ಏನಾಗುತ್ತದೆಂದು ಈ ಊರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೆ. ಆದರೂ ಬೇಡ ಎನ್ನಲು ಬಾಯಿ ಬರಲಿಲ್ಲ. ನನಗೆ ದಣಿವಾಗಿದೆ. ದಣಿದವಳ ಕೈಯಲ್ಲಿ ಬೀಗದ ಕೈ ಇರಬಾರದು.

೨೭ ಫೆಬ್ರವರಿ, ಶುಕ್ರವಾರ

ಕೊಟ್ಟೆ.

ಬೆಳಿಗ್ಗೆ ಕ್ಲೆಮ್‌ಗೆ ನನ್ನ ಗುರುತು ಸ್ವಲ್ಪ ಹೊತ್ತು ಸಿಗಲಿಲ್ಲ. ಸಿಕ್ಕಿದ ಮೇಲೆ ಗಂಟೆಯ ಮಾತನ್ನೇ ಆಡಲಿಲ್ಲ, ಕೇಳುವುದನ್ನೇ ಬಿಟ್ಟುಬಿಟ್ಟಿದ್ದ. ಅದನ್ನು ತಡೆಯಲಾಗಲಿಲ್ಲ. ಜಾಯ್ಸ್ ಅಂಗಡಿಗೆ ಹೋಗಿ, ಊಟವಾದ ಮೇಲೆ ಐದು ಜನವೂ ಬನ್ನಿ, ನಾನು ಮೇಲೆ ಗಾಜಿನ ಹತ್ತಿರ ನಿಂತಿರುತ್ತೇನೆ, ನಿಲ್ಲಿ ಎಂದರೆ ನಿಲ್ಲಬೇಕು ಎಂದೆ. ಅವಳು ಕೂಡಲೇ ಅಂಗಡಿ ಮುಚ್ಚಿದಳು.

ಕ್ಲೆಮ್‌ನ ಕಿಟಕಿ ತೆರೆದಿಟ್ಟೆ. ಚಳಿಯಾಗುತ್ತೆ ಎಂದ. ಸ್ವಲ್ಪ ತಡೆದುಕೋ ಎಂದೆ.

ಬಾರಿಸುವವರು ನಿಲ್ಲುವುದು ಕೆಳಗೆ, ನೆಲದ ಮೇಲೆ. ನಾನು ಮೇಲಿನ ಅಟ್ಟದಲ್ಲಿ, ಟಾರ್ಚು ಹಿಡಿದು ಗಾಜಿನ ಮುಂದೆ. ನನ್ನ ಪಕ್ಕ ಅಟ್ಟದ ಹಲಗೆಯ ತೂತುಗಳಲ್ಲಿ ಐದು ಹಗ್ಗ ಇಳಿದಿದ್ದವು. ಮೊದಲು ಸಣ್ಣದು ಎದ್ದಿತು, ಆಮೇಲೆ ಒಂದರ ಹಿಂದೊಂದು, ಕೊನೆಗೆ ತಲೆಯ ಮೇಲೆ ದೊಡ್ಡದು. ಗೋಪುರ ದೋಣಿಯ ಹಾಗೆ ಮೆಲ್ಲಗೆ ಆಡಿತು. ಗೋಡೆಯ ಮೇಲಿಟ್ಟ ಕೈಗೆ ಅದು ಗೊತ್ತಾಗುತ್ತಿತ್ತು. ಸುಣ್ಣದ ಪುಡಿ ತಲೆಯ ಮೇಲೆ ಉದುರುತ್ತಿತ್ತು. ಹೆದರಿಕೆಯಾಗಬೇಕಿತ್ತು, ಆದರೆ ನಾನು ಕೇಳುತ್ತ ನಿಂತುಬಿಟ್ಟೆ. ಚೆನ್ನಾಗಿತ್ತು. ಇಳಿದು ಇಳಿದು ಬಂದು ಕೊನೆಯದಕ್ಕೆ ಮುಟ್ಟಿ ಮತ್ತೆ ಮೊದಲಾಗುವುದು ಎಷ್ಟು ಚೆನ್ನಾಗಿತ್ತು.

ಆಮೇಲೆ ಗಾಜಿನಲ್ಲಿ ಕೂದಲೆಳೆಯಷ್ಟು ಗೀರು ಕಂಡಿತು. ಆಗಲೇ ಕೂಗಬೇಕಿತ್ತು. ಕೂಗಲಿಲ್ಲ. ಕಿಟಕಿಯ ಹತ್ತಿರ ಮಲಗಿದವನ ನೆನಪಾಗಿ ಇನ್ನೊಂದು ಸುತ್ತು ಬಿಟ್ಟೆ. ಬೇಕೆಂದೇ ಬಿಟ್ಟೆ. ಆ ಸುತ್ತು ಮುಗಿಯುವಷ್ಟರಲ್ಲಿ ಗಾಜು ಎರಡಾಗಿ, ಒಂದು ಚೂರು ನನ್ನ ಕಾಲ ಬಳಿ ಬಿತ್ತು.

ಹಗ್ಗದ ತೂತಿಗೆ ಬಾಯಿಟ್ಟು "ನಿಲ್ಲಿ" ಎಂದು ಕೂಗಿದೆ. ಶಾಲೆಯ ಮೈದಾನದಲ್ಲಿ ಬಳಸುತ್ತಿದ್ದ ದನಿ, ಇನ್ನೂ ಉಳಿದಿದೆ. ಐದೂ ನಿಂತವು.

ಮನೆಗೆ ಬಂದೆ. ಕ್ಲೆಮ್ ಕಿಟಕಿಯ ಕಡೆಗೇ ನೋಡುತ್ತಿದ್ದ, ಮುಖ ಒದ್ದೆಯಾಗಿತ್ತು.

"ಜಾಯ್ಸ್ ಸ್ವಲ್ಪ ಮುಂಚೇನೇ ಹಗ್ಗ ಎಳೀತಾಳೆ, ಯಾವಾಗ್ಲೂ ಅಷ್ಟೇ," ಎಂದ. "ವಾಲ್ಟರ್ ಪರವಾಗಿಲ್ಲ. ನಿಲ್ಲಿಸಿದ್ದು ಯಾರು?"

"ನಾನು."

"ನೀನಾ? ಐದೂ ಒಟ್ಟಿಗೆ ನಿಂತವಲ್ಲೇ. ನಾನು ಕೂಗಿದ್ರೂ ಅಷ್ಟು ಚೆನ್ನಾಗಿ ನಿಲ್ತಿರಲಿಲ್ಲ." ನಕ್ಕು, ಕೆಮ್ಮಿ, ಉಸಿರು ಹಿಡಿದುಕೊಂಡ. "ಒಡೀತಾ?"

"ಒಡೀತು."

"ಆ ಮುದುಕ ನಾನೇ ಆಗಿಬಿಟ್ಟೆ," ಎಂದ. ಆಮೇಲೆ, "ಕೇಳಿಲ್ಲಿ ಹುಡುಗಿ. ನಾನು ಹೋದಾಗ ಬಾರಿಸಬೇಡಿ. ವಾಲ್ಟರ್ ಅಳುತ್ತಾ ಬಂದು ಕೇಳ್ತಾನೆ, ಬೀಗದ ಕೈ ಕೊಡಬೇಡ. ಗೋಡೆ ಸರಿ ಮಾಡಿಸು, ಒಂದೊಂದೇ ವರಸೆ, ಎಷ್ಟು ಬೇಸಿಗೆ ಹಿಡಿದರೂ ಹಿಡೀಲಿ. ನನಗೆ ಆಯ್ತು."

"ಅದೊಂದನ್ನೇ ಕೇಳಿದ್ದೆಯಲ್ಲ ನೀನು."

"ಕೇಳಿದ್ದೆ. ಈಗ ಬೇಡ ಅಂತಿದೀನಿ. ಕಿಟಕಿ ಹಾಕು, ಸತ್ತೇ ಹೋಗ್ತೀನಿ ಚಳೀಲಿ."

ಕಿಟಕಿ ಹಾಕಿದೆ. ಅವನ ಪಕ್ಕದಲ್ಲಿ ಕೂತು ನಾನೂ ಅತ್ತೆ.

೧ ಮಾರ್ಚ್, ಸೋಮವಾರ

ಮಿಸ್ ಗರ್ನಿಗೆ ಫೋನ್ ಮಾಡಿ, ಬೀಗದ ಕೈ ಕೊಟ್ಟದ್ದು ನಾನೇ ಎಂದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವರಿಗಾಗಿ ಬರೆಯುತ್ತಿದ್ದ ಗೋಪುರದ ಚರಿತ್ರೆಯಲ್ಲಿ, ಆ ಅವಸರದ ಬೇಸಿಗೆಯನ್ನು ಬರೆದ ಪುಟದಲ್ಲೇ ಮೊನ್ನೆಯ ಶುಕ್ರವಾರವನ್ನೂ ಸೇರಿಸಿದೆ. ವಾರ್ಡನ್ ಹೆಸರು ಸಮೇತ.

೯ ಮಾರ್ಚ್, ಮಂಗಳವಾರ

ಕ್ಲೆಮ್ ಬೆಳಿಗ್ಗೆ ಹೋದ. ನಾನು ಟೀ ಸೋಸುತ್ತಿದ್ದೆ.

೧೩ ಮಾರ್ಚ್, ಶನಿವಾರ

ಮಣ್ಣು ಮಾಡಿ ಬಂದೆವು.

ವಾಲ್ಟರ್ ಮೊನ್ನೆ ಅಳುತ್ತಲೇ ಬಂದು ಕೇಳಿದ, ನಾನು ಕೊಡಲಿಲ್ಲ. "ಅವನೊಬ್ಬನಿಗೆ ಇಲ್ಲ ಅಂದ್ರೆ ಇನ್ಯಾರಿಗೆ ಹಿಲ್ಡಾ?" ಎಂದ. ನನಗೂ ಹಾಗೇ ಅನಿಸಿತು. ಕೊಡಲಿಲ್ಲ.

ಮನೆಯಿಂದ ಚರ್ಚಿಗೆ ರಸ್ತೆ ದಾಟಿ ಹಾದಿ ಹಿಡಿದರೆ ಮುಗಿಯಿತು. ಬಾರಿಸುವವರೇ ಹೆಗಲು ಕೊಟ್ಟಿದ್ದರು. ರಸ್ತೆಗೆ ಇಳಿದ ಮೇಲೆ ಗೊತ್ತಾಯಿತು, ಯಾರಿಗೂ ಹೆಜ್ಜೆ ಹಾಕಲು ಬರುತ್ತಿಲ್ಲ. ಇಲ್ಲಿ ಹೆಣ ಹೊತ್ತವರು ಯಾವಾಗಲೂ ದೊಡ್ಡ ಗಂಟೆಯ ಏಟಿಗೆ ನಡೆದವರು. ಅದಿಲ್ಲದೆ ಒಬ್ಬರು ಬೇಗ, ಒಬ್ಬರು ನಿಧಾನ, ಪೆಟ್ಟಿಗೆ ವಾಲಾಡತೊಡಗಿತು. ಮುಂದಿದ್ದ ಪಾದ್ರಿಗಳಿಗೆ ಏಳು ಊರಿನ ಹೊಣೆ. ಅವರ ಕಾಲು ಯಾವಾಗಲೂ ಮುಂದಿನ ಊರಿನ ಕಡೆಗೇ ಇರುತ್ತದೆ. ಹೀಗೇ ಹೋದರೆ ಕ್ಲೆಮ್‌ನನ್ನು ಮೂಟೆ ಸಾಗಿಸಿದ ಹಾಗೆ ಸಾಗಿಸಿಬಿಡುತ್ತಾರೆ ಎನಿಸಿತು.

ಗೇಟಿನ ಹತ್ತಿರ ನಾನು ಮುಂದಕ್ಕೆ ಹೋಗಿ ಹಾದಿಯ ನಡುವೆ ನಿಂತೆ. ದೊಡ್ಡ ಗಂಟೆ ಒಮ್ಮೆ ಹೊಡೆದ ಮೇಲೆ ಮತ್ತೆ ಹೊಡೆಯುವ ತನಕ ಎಷ್ಟು ಹೊತ್ತೆಂದು ನನಗೆ ಗೊತ್ತು. ಅಪ್ಪ ಹೋದಾಗ ಕ್ಲೆಮ್ ಬಾರಿಸಿದ್ದ, ಅಮ್ಮ ಹೋದಾಗಲೂ ಅವನೇ. ಆ ಲೆಕ್ಕಕ್ಕೆ ಒಂದು ಹೆಜ್ಜೆ ಇಟ್ಟೆ. ಕಾದೆ. ಇನ್ನೊಂದು ಇಟ್ಟೆ. ಹಿಂದಿನಿಂದ ಎಲ್ಲರ ಬೂಟುಗಳೂ ಒಟ್ಟಿಗೆ ಜಲ್ಲಿಯ ಮೇಲೆ ಬಿದ್ದವು. ಪಾದ್ರಿಗಳು ಗಡಿಯಾರ ನೋಡಿಕೊಂಡರು, ನೋಡಿಕೊಳ್ಳಲಿ.

"ಸರಿಯಾಗಿದೆ, ಹಿಲ್ಡಾ," ಎಂದ ವಾಲ್ಟರ್ ಪೆಟ್ಟಿಗೆಯ ಕೆಳಗಿನಿಂದ. "ಹೀಗೇ ಹೋಗು."

ಬಾಗಿಲ ತನಕ ಹಾಗೇ ಹೋದೆವು.